ಕಾಶಿಯಲ್ಲಿ ಬಿಟ್ಟ ಹಾಲು

ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನ್ನುವ ಪದಾರ್ಥ ಒಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು. ಆಮೇಲೆ ಸಾಯುವ ತನಕ ಅದನ್ನು ಬಾಯಿಗೆ ಹಾಕಬಾರದು. ನಾನು ಹಾಗಲಕಾಯಿ ಬಿಟ್ಟೆ. ಹುಟ್ಟಿದಾಗಿನಿಂದ ನಾನು ಹಾಗಲಕಾಯಿ ಮುಟ್ಟಿದವಳೇ ಅಲ್ಲ. ನಗಬೇಡಿ, ಮೂಡಿಗೆರೆಯಿಂದ ಹೋದ ನಮ್ಮ ಗುಂಪಿನವರೆಲ್ಲ ಮಾಡಿದ್ದು ಇದನ್ನೇ. ಒಬ್ಬರು ಸೀಮೆಬದನೆ ಬಿಟ್ಟರು. ಇನ್ನೊಬ್ಬರು ನಮ್ಮ ಸಂತೆಯಲ್ಲಿ ಯಾವತ್ತೂ ಕಾಣದ ಯಾವುದೋ ಹಣ್ಣನ್ನು ಬಿಟ್ಟು ಭಕ್ತಿಯಿಂದ ಕೈ ಮುಗಿದರು. ವಿಶ್ವನಾಥನಿಗೆ ಇದೆಲ್ಲ ಗೊತ್ತಿಲ್ಲವೇ? ಗೊತ್ತಿದ್ದೂ ನಡೆಸಿಕೊಂಡು ಹೋಗುತ್ತಾನೆ, ಪಾಪ.

ನಿಜವಾಗಿ ಬಿಟ್ಟವಳು ನಮ್ಮಕ್ಕ ಕಲ್ಲಮ್ಮ ಒಬ್ಬಳೇ. ಅವಳು ಹಾಲು ಬಿಟ್ಟಳು. ಹಾಲು ಅಂದರೆ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲ ಸೇರಿ. ಹಾಲು ಕಾಸಿದ ಪಾತ್ರೆಯ ತಳ ಕೆರೆದು ತಿನ್ನುವುದಕ್ಕೆ ಚಿಕ್ಕಂದಿನಲ್ಲಿ ನನ್ನ ಜಡೆ ಹಿಡಿದು ಎಳೆದಾಡಿದ ಹೆಂಗಸು ಇವಳು! ಅತ್ತೆಯಾದ ಮೇಲೂ ಆ ಚಾಳಿ ಹೋಗಿರಲಿಲ್ಲ.

“ಏನೇ ಅಕ್ಕ, ತಲೆ ಕೆಟ್ಟಿದ್ಯಾ ನಿಂಗೆ? ಬದನೆಕಾಯಿ ಬಿಡು, ಸಾಕು” ಅಂದೆ.

“ಕೇಳ್ತಿರೋದು ದೊಡ್ಡದು ಕಣೇ ಮುದ್ದಿ. ಕೊಡೋದೂ ದೊಡ್ಡದೇ ಆಗ್ಬೇಕು” ಅಂದವಳು ಮೂಗು ಹಿಡಿದು ಮುಳುಗಿಬಿಟ್ಟಳು.

ಅವಳು ಕೇಳಿದ್ದು ಮೊಮ್ಮಗುವನ್ನು. ಅವಳ ಮಗ ಶಶಿಕಿರಣನಿಗೆ ಮೂಡಿಗೆರೆ ಪೇಟೆಯಲ್ಲಿ ಕಾಫಿಪುಡಿ ಅಂಗಡಿ. ಸೊಸೆ ಕೃತಿಕಾ ಗೋಣಿಬೀಡಿನವಳು, ಒಂದು ಮಾತು ಹೆಚ್ಚಿಗೆ ಆಡದ ಹುಡುಗಿ. ಅವಳಿಗೆ ಬಸಿರು ನಿಲ್ಲುತ್ತಿರಲಿಲ್ಲ. ಪ್ರತಿ ಸಲ ಅವಳು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗ ನಮ್ಮಕ್ಕನೇ ಬಾಣಂತಿಗೆ ಎರೆದ ಹಾಗೆ ಎಣ್ಣೆನೀರು ಎರೆದು, ಅವಳಿಗಿಂತ ಹೆಚ್ಚು ಅಳುತ್ತಿದ್ದಳು. ಕಾಶಿಯಿಂದ ಬಂದ ವರ್ಷವೇ ಬಸಿರು ನಿಂತಿತು. ಹೆಣ್ಣು ಮಗು. ಕಾಶಿಯಲ್ಲಿರುವವಳೂ ಅನ್ನಪೂರ್ಣೆ, ನಮ್ಮ ಹೊರನಾಡಿನಲ್ಲಿರುವವಳೂ ಅನ್ನಪೂರ್ಣೆ ಎಂದು ಅಕ್ಕ ಅದೇ ಹೆಸರಿಟ್ಟಳು. ಕರೆಯುವಾಗ ಎಲ್ಲರ ಬಾಯಲ್ಲಿ ಪೂರ್ಣಿ ಆಯಿತು.

ಅಲ್ಲಿಗೆ ಹರಕೆ ಕಲ್ಲಾಯಿತು. ತನ್ನ ಗಂಟಲಲ್ಲಿ ಒಂದು ತೊಟ್ಟು ಹಾಲು ಇಳಿದರೂ ಮಗುವಿಗೆ ಕೇಡು ಎಂದು ಅಕ್ಕ ನಂಬಿಬಿಟ್ಟಳು. ಮದುವೆ ಮನೆಗಳಲ್ಲಿ ಪಾಯಸ ತಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. “ಕಲ್ಲಮ್ಮನೋರ ನಿಷ್ಠೆ ಅಂದ್ರೆ ನಿಷ್ಠೆ” ಎಂದು ಊರೆಲ್ಲ ಕೊಂಡಾಡಿತು. ನಾವು ಲಿಂಗ ಕಟ್ಟುವ ಮನೆಯವರು, ಮೊಟ್ಟೆ ಮೀನು ಹೊಸ್ತಿಲು ದಾಟುವ ಮಾತೇ ಇಲ್ಲ. ಹಾಲೂ ಹೋದ ಮೇಲೆ ಅವಳ ತಟ್ಟೆಯಲ್ಲಿ ಉಳಿದದ್ದು ಅನ್ನ, ಸಾರು, ಉಪ್ಪಿನಕಾಯಿ, ಕಡುಬಿಗೆ ಚಟ್ನಿ, ಆಗಾಗ ಒಂದು ಲೋಟ ಬೆಲ್ಲದ ಕರಿ ಕಾಫಿ. ಹೊಟ್ಟೆ ತುಂಬುತ್ತಿತ್ತು. ಹೊಟ್ಟೆ ತುಂಬಿದವರನ್ನು ಯಾರು ವಿಚಾರಿಸುತ್ತಾರೆ?

ಮಗು ಅಂಗನವಾಡಿಗೆ ಹೋಗುವ ಹೊತ್ತಿಗೆ ಅಕ್ಕನ ನಾಲಿಗೆ ಉರಿಯತೊಡಗಿತು. ಖಾರವಿಲ್ಲದ ಸಾರೂ ಉರಿ, ಕಾಫಿಯೂ ಉರಿ. ಆಮೇಲೆ ಪಾದ. “ಕಾಲ ಮೇಲೆ ಇರುವೆ ಹರೀತಾವೆ ಕಣೇ” ಎಂದು ಕೂತಲ್ಲೇ ಕಾಲು ಕೊಡವುತ್ತಿದ್ದಳು. ನೋಡಿದರೆ ಒಂದು ಇರುವೆಯೂ ಇಲ್ಲ. ಬೀರುವಿನ ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ನನ್ನನ್ನೇ ಒಂದು ದಿನ, “ನೀವು ಯಾರ ಪೈಕಿ?” ಎಂದು ಕೇಳಿ, ಆಮೇಲೆ ನಕ್ಕು, ತಮಾಷೆಗೆ ಅಂದೆ ಅಂದಳು. ತಮಾಷೆಯಾಗಿರಲಿಲ್ಲ, ಅವಳ ಕಣ್ಣಲ್ಲಿ ಭಯವಿತ್ತು.

ಶಶಿಗೆ ಹೇಳಿದೆ. “ಅರವತ್ತಕ್ಕೆ ಅರಳು ಮರಳು ಅಂತ ನೀವೇ ಹೇಳ್ತೀರಲ್ಲ ಚಿಕ್ಕಮ್ಮ” ಎಂದು ತಕ್ಕಡಿಯಿಂದ ತಲೆ ಎತ್ತದೆ ಹೇಳಿದ. ಗಾದೆ ಕಟ್ಟಿದವರ ಬಾಯಿಗೆ ಮಣ್ಣು ಹಾಕ!

ಉರಿಯುವ ನಾಲಿಗೆಗೆ, ಹರಿಯುವ ಇರುವೆಗೆ ಒಂದು ಕಾರಣ ಬೇಕಲ್ಲ. ಅಕ್ಕನಿಗೆ ಅದು ಸಿಕ್ಕಿತು. ಸೊಸೆ. ಹಾಸಿಗೆಗೆ ಅವಳು ಖಾರದ ಪುಡಿ ಉದುರಿಸುತ್ತಾಳೆ, ಕಾಫಿಗೆ ಏನೋ ಬೆರೆಸುತ್ತಾಳೆ. ಒಂದು ಬೆಳಿಗ್ಗೆ ನಾನು ಅಲ್ಲೇ ಕೂತಿದ್ದಾಗ ಕೃತಿಕಾ ಕಾಫಿ ತಂದು ಕೊಟ್ಟಳು. ಅಕ್ಕ ಲೋಟವನ್ನು ಮೂಸಿದಳು, ವಾಪಸು ಚಾಚಿದಳು.

“ನೀನು ಮೊದ್ಲು ಕುಡಿ.”

ಕೃತಿಕಾಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಳುಚಿಕೊಂಡಿತು. ಆದರೂ ಒಂದು ಗುಟುಕು ಕುಡಿದಳು. ಅವಳ ಮುಖವನ್ನೇ ನೋಡುತ್ತಾ ಕೂತಿದ್ದು, ಅವಳು ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ಅಕ್ಕ ಲೋಟಕ್ಕೆ ಬಾಯಿಟ್ಟಳು. ಶಿವ ಶಿವಾ, ನಮ್ಮಲ್ಲಿ ಎಂಜಲು ಅಂದರೆ ಮಾರು ದೂರ ಸರಿಯುತ್ತಿದ್ದವಳು!

ಅವತ್ತಿನಿಂದ ಅದೇ ಪದ್ಧತಿಯಾಯಿತು. ಕಾಫಿ, ಸಾರು, ನೀರು ಕೂಡ. ನೀನು ಮೊದ್ಲು ಕುಡಿ, ನೀನು ಮೊದ್ಲು ತಿನ್ನು. ಪೂರ್ಣಿ ಬಾಗಿಲ ಸಂದಿಯಲ್ಲಿ ಗೊಂಬೆ ಹಿಡಿದು ನಿಂತು ನೋಡುತ್ತಿತ್ತು. ಕೊನೆಕೊನೆಗೆ ಸೊಸೆ ಮುಟ್ಟಿದ್ದು ಏನೂ ಬೇಡವೆಂದು ಅಕ್ಕ ತಾನೇ ಒಂದಿಷ್ಟು ಗಂಜಿ ಬೇಯಿಸಿಕೊಂಡು, ಉಪ್ಪು ಹಾಕಿ ಕುಡಿಯತೊಡಗಿದಳು. ಮೈ ಸೊರಗಿ ಸೀರೆ ಗಳುವಿಗೆ ಹಾಕಿದಂತೆ ಕಾಣುತ್ತಿತ್ತು.

ಮದ್ದು ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡದೆ ಉಂಟೇ? ಕಳಸದ ಕಡೆಯ ಒಬ್ಬರು ನಿಂಬೆಹಣ್ಣು ಇಳಿ ತೆಗೆದು ತಾಯತ ಕಟ್ಟಿದರು. ಪೇಟೆಯ ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದರು. ನೆಂಟರು ಬಂದವರು ಕೃತಿಕಾ ಕಡೆ ಒಂದು ಥರಾ ನೋಡಿ, “ಬೆಂಕಿ ಇಲ್ದೆ ಹೊಗೆ ಆಡುತ್ತಾ?” ಎಂದು ಹೋದರು. ಆ ಮಾತು ಆಡಿದವಳ ಮನೆಗೆ ನಾನು ಇವತ್ತಿಗೂ ಕಾಲಿಡುವುದಿಲ್ಲ. ಅಕ್ಕ ಏನು ಉಣ್ಣುತ್ತಾಳೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ, ಅದು ಎಲ್ಲರಿಗೂ ಗೊತ್ತೇ ಇತ್ತಲ್ಲ.

ಆಮೇಲೆ ಆ ಸಾಯಂಕಾಲ ಬಂತು. ಪೂರ್ಣಿ ಶಾಲೆಯಿಂದ ಬಂದು ಹಾಲು ಕುಡಿಯುತ್ತಿತ್ತು. ಕೃತಿಕಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ನಾನು ಮೆಟ್ಟಿಲು ಹತ್ತುವಾಗಲೇ ಒಳಗೆ ಲೋಟ ಬಿದ್ದ ಸದ್ದು, ಅಕ್ಕನ ಕೂಗು. ಓಡಿ ಹೋಗಿ ನೋಡಿದರೆ ಮಗುವನ್ನು ಗೋಡೆಗೆ ಒತ್ತಿ ಹಿಡಿದು, ಅದರ ಬಾಯೊಳಗೆ ಬೆರಳು ತುರುಕಿ ವಾಂತಿ ಮಾಡಿಸುತ್ತಿದ್ದಾಳೆ.

“ಕಕ್ಕು ಪುಟ್ಟಾ, ಕಕ್ಕು! ನಿಮ್ಮಮ್ಮ ವಿಷ ಹಾಕಿದ್ದಾಳೆ! ಹಾಲು ಕುಡಿದ ಮಕ್ಕಳೇ ಬದ್ಕಲ್ಲ, ವಿಷ ಕುಡಿದದ್ದು ಬದ್ಕುತ್ತಾ? ಕಕ್ಕು!”

ಅವಳು ಅಳುತ್ತಿದ್ದಳು. ಅದನ್ನು ಮರೆಯಬೇಡಿ, ಮಗುವನ್ನು ಉಳಿಸುತ್ತಿದ್ದೇನೆ ಎಂದೇ ಅವಳು ಅಳುತ್ತಿದ್ದಳು. ಮಗುವಿನ ತುಟಿ ಉಗುರು ತಾಗಿ ಸೀಳಿತ್ತು, ನೆಲದ ಮೇಲೆ ಹಾಲೂ ರಕ್ತವೂ ಬಿದ್ದಿತ್ತು. ನಾನು ಅಕ್ಕನನ್ನು ಎಳೆದು ಹಾಕಿದೆ. ಕೃತಿಕಾ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಆ ಹೊತ್ತೇ ಉಟ್ಟ ಬಟ್ಟೆಯಲ್ಲಿ ಆಟೋ ಹತ್ತಿ ತವರಿಗೆ ಹೊರಟುಹೋದಳು.

ಮರುದಿನ ಶಶಿ ನನ್ನ ಮುಂದೆ ಕೂತು ಮುಖ ಮುಚ್ಚಿಕೊಂಡ. “ಅಮ್ಮನ್ನ ಹುಚ್ಚಾಸ್ಪತ್ರೆಗೆ ಸೇರಿಸ್ಬಿಡ್ತೀನಿ ಚಿಕ್ಕಮ್ಮ. ಅವ್ರು ಮನೇಲಿದ್ರೆ ಕೃತಿಕಾ ಬರಲ್ಲ, ಮಗು ಬರಲ್ಲ.”

“ಸೇರಿಸೋ ಮುಂಚೆ ಚಿಕ್ಕಮಗಳೂರಲ್ಲಿ ಒಬ್ರಿಗೆ ತೋರಿಸೋ ಮಾರಾಯ” ಅಂದೆ. ನನಗೇನೂ ದೊಡ್ಡ ತಿಳಿವಳಿಕೆ ಇರಲಿಲ್ಲ. ಒಡಹುಟ್ಟಿದವಳನ್ನು ಕಳಿಸುವುದು ಒಂದು ದಿನವಾದರೂ ಮುಂದೆ ಹೋಗಲಿ ಅನ್ನಿಸಿತ್ತು, ಅಷ್ಟೇ.

ಚಿಕ್ಕಮಗಳೂರಿನ ಆ ಮನಸ್ಸಿನ ಡಾಕ್ಟರು ಒಬ್ಬ ಹೆಂಗಸು, ನಮ್ಮ ಮಕ್ಕಳ ವಯಸ್ಸು. ಶಶಿ ವಿಷದ ಕಥೆಯೆಲ್ಲ ಹೇಳಿದ. ಆಕೆ ಕೇಳಿಸಿಕೊಂಡು, ಅಕ್ಕನ ಕಡೆ ತಿರುಗಿ, “ಊಟಕ್ಕೆ ಏನು ಮಾಡ್ತೀರಮ್ಮ?” ಅಂದಳು. ನಾನೇ ಕಾಶಿಯ ವಿಷಯ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು, “ನಾಲಿಗೆ ತೋರ್ಸಿ ಅಮ್ಮಾ” ಅಂದಳು. ಕೆಂಪಗೆ, ಸವೆದ ಕಲ್ಲಿನಂತೆ ನುಣ್ಣಗೆ ಇತ್ತು ಆ ನಾಲಿಗೆ. ಕಣ್ಣು ಮುಚ್ಚಿ ನಿಲ್ಲಲು ಹೇಳಿದಾಗ ಅಕ್ಕ ವಾಲಿ ಬೀಳುವವಳಿದ್ದಳು.

ರಕ್ತ ಪರೀಕ್ಷೆಯಾಗಿ ಬಂದ ಮೇಲೆ ಆಕೆ ಬಿಡಿಸಿ ಹೇಳಿದಳು. “ಬಿ ಹನ್ನೆರಡು ಅಂತ ಒಂದು ವಿಟಮಿನ್ ಇದೆ. ನರಕ್ಕೂ ಬೇಕು, ಬುದ್ಧಿಗೂ ಬೇಕು. ಅಕ್ಕಿ ಬೇಳೆ ತರಕಾರೀಲಿ ಅದು ಇಲ್ಲ. ಮಾಂಸ, ಮೊಟ್ಟೆ ತಿನ್ನದೋರಿಗೆ ಹಾಲು ಮೊಸರಿಂದ್ಲೇ ಬರ್ಬೇಕು. ಮೈಯಲ್ಲಿ ಕೂಡಿಟ್ಟಿದ್ದು ಕೆಲವು ವರ್ಷ ನಡೀತು, ಈಗ ಉಗ್ರಾಣ ಖಾಲಿ. ಅನುಮಾನ ಪಡೋರಿಗೆಲ್ಲ ಇದೇ ಕಾರಣ ಅಂತಲ್ಲ. ಇವ್ರಿಗೆ ಇದೇ.”

ನನಗೆ ಅಲ್ಲೇ ಕಿರುಚಬೇಕು ಅನ್ನಿಸಿತು. ಯಾವ ಗಾಳಿಯೂ ಮೆಟ್ಟಿಲ್ಲ, ಯಾರೂ ಮದ್ದು ಹಾಕಿಲ್ಲ. ಎರಡು ಹೊತ್ತೂ ಬಡಿಸಿದ ತಟ್ಟೆಯ ಮುಂದೆ ಕೂತು ನಮ್ಮಕ್ಕನ ತಲೆ ಹಸಿದುಕೊಂಡಿತ್ತು, ನಾವು ಸುತ್ತ ನಿಂತು ನಿಷ್ಠೆ ನಿಷ್ಠೆ ಎಂದು ಭಜನೆ ಮಾಡುತ್ತಿದ್ದೆವು! ದೇವರಿಗೆ ಹಾಗಲಕಾಯಿ ಕೊಟ್ಟು ಮೋಸ ಮಾಡಿದ ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ.

“ಹಾಲು ಕುಡೀತೀರಾ ಅಮ್ಮಾ?” ಎಂದು ಡಾಕ್ಟರು ಕೇಳಿದಳು. ಅಕ್ಕ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮಾತಾಡಿದಳು. “ಪ್ರಾಣ ಹೋದ್ರೂ ಇಲ್ಲ.” ಆಕೆ ವಾದ ಮಾಡಲಿಲ್ಲ. ಇಂಜೆಕ್ಷನ್ ಬರೆದಳು. ತಲೆ ಬಹುಪಾಲು ತಿಳಿಯಾಗುತ್ತದೆ, ಕಾಲಿನ ನರ ಮಾತ್ರ ಪೂರ್ತಿ ಸರಿಹೋಗುವುದು ಅನುಮಾನ, ತಡವಾಗಿದೆ ಅಂದಳು.

ತಲೆ ತಿಳಿಯಾಯಿತು. ಅದೇ ದೊಡ್ಡ ಸಂಕಟವಾಯಿತು. ಇಂಜೆಕ್ಷನ್ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತಳು. ನಾನು ಕೊಟ್ಟ ಕಾಫಿಯನ್ನು ಮೂಸದೆ ಕುಡಿದಳು. ನನಗೆ ಖುಷಿಯಾಗಿ ಕಣ್ಣು ತುಂಬಿತು. ಅವಳು ಲೋಟ ಕೆಳಗಿಟ್ಟಳು.

“ಮುದ್ದೀ, ನಾನು ಮಗೂನ ಬಾಯಿಗೆ ಬೆರಳು ಹಾಕಿದ್ದು ಕನಸಾ?”

ಸುಳ್ಳು ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ, ವಿಶ್ವನಾಥನಿಗೇ ಹೇಳಿದವಳು. ಅವತ್ತು ಬಾಯಿ ಬರಲಿಲ್ಲ. ಅಕ್ಕ ತನ್ನ ಬಲಗೈ ಬೆರಳುಗಳನ್ನು ನೋಡುತ್ತಾ ಕೂತಳು. ಅತ್ತರೆ ಚೆನ್ನಾಗಿತ್ತು, ಅಳಲಿಲ್ಲ. ಸಂಜೆ ಶಶಿಯನ್ನು ಕರೆದು, “ಕೃತಿಕಾಗೆ ಫೋನ್ ಮಾಡ್ಕೊಡು, ಕಾಲು ಹಿಡಿದು ಕೇಳ್ಕೋತೀನಿ” ಅಂದಳು.

ಕೃತಿಕಾ ಬಂದಳು. ದೊಡ್ಡ ಮನಸ್ಸಿನ ಹುಡುಗಿ, ಅಕ್ಕ ಬಾಗುವುದರೊಳಗೆ ಅವಳನ್ನು ಹಿಡಿದು ಎತ್ತಿ, “ಬಿಡಿ ಅತ್ತೆ, ಅದು ನೀವಲ್ಲ” ಅಂದಳು. ಪೂರ್ಣಿ ಅವಳ ಸೀರೆಯ ಹಿಂದೆ ಅವಿತುಕೊಂಡಿತ್ತು. ತುಟಿಯ ಮೇಲೆ ಬೆಳ್ಳಗೆ ಒಂದು ಗೀರು ಉಳಿದಿತ್ತು.

ಅಕ್ಕ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿದ್ದಳು. ನಡುಗುವ ಕಾಲಲ್ಲಿ ಒಲೆಯ ಮುಂದೆ ನಿಂತು ಹಾಲು ಕಾಸಿ, ಸಕ್ಕರೆ ಏಲಕ್ಕಿ ಹಾಕಿ, ಆರಿಸಿ, ಮಗುವಿನ ಬೆಳ್ಳಿ ಲೋಟಕ್ಕೆ ಬಗ್ಗಿಸಿ ತಂದಳು. ನೆಲಕ್ಕೆ ಕೂತು ಎರಡೂ ಕೈಯಲ್ಲಿ ಚಾಚಿದಳು.

“ಬಾ ಪುಟ್ಟಾ. ಅಜ್ಜಿ ಮಾಡಿದ ಹಾಲು.”

ಪೂರ್ಣಿ ಎರಡು ಹೆಜ್ಜೆ ಮುಂದೆ ಬಂತು. ಲೋಟವನ್ನು ಇಸಿದುಕೊಂಡು ಮೂಸಿತು. ವಾಪಸು ಅಜ್ಜಿಯ ಕೈಗೆ ಕೊಟ್ಟಿತು.

“ನೀನು ಮೊದ್ಲು ಕುಡಿ.”

ಶಶಿ ಎದ್ದು ಹೊರಗೆ ಹೋಗಿಬಿಟ್ಟ. ಅಕ್ಕ ಲೋಟ ಹಿಡಿದು ಮಗುವಿನ ಮುಖವನ್ನೇ ನೋಡಿದಳು. ಒಂದು ಗುಟುಕು ಕುಡಿದರೆ ಮಗುವಿನ ಭಯ ಬಿಡುತ್ತದೆ. ಒಂದು ಗುಟುಕು ಕುಡಿದರೆ ಕಾಶಿಯಲ್ಲಿ ಕೊಟ್ಟ ಮಾತು ಮುರಿಯುತ್ತದೆ, ಆ ಮಾತಿನ ಮೇಲೆ ಈ ಮಗುವಿನ ಜೀವ ನಿಂತಿದೆ. ಅತ್ತ ದರಿ, ಇತ್ತ ಪುಲಿ. ಅವಳು ಲೋಟವನ್ನು ತುಟಿಯ ತನಕ ತಂದಳು. ತುಟಿ ಬಿಗಿದೇ ಇತ್ತು, ಹಾಲು ಗದ್ದದ ಮೇಲೆ ಚೆಲ್ಲಿತು. ಸೆರಗಿನಿಂದ ಒರೆಸಿಕೊಂಡಳು, ಒಂದು ಹನಿಯೂ ಬಾಯೊಳಗೆ ಹೋಗದ ಹಾಗೆ ಒರೆಸಿಕೊಂಡಳು.

ಕುಡಿಯೇ ಅಕ್ಕ, ಏನೂ ಆಗಲ್ಲ ಎಂದು ಹೇಳಬೇಕಾಗಿದ್ದವಳು ನಾನು. ಹೇಳಲು ನನಗೂ ಧೈರ್ಯ ಸಾಲಲಿಲ್ಲ. ಕೃತಿಕಾ ಕಡೆ ನೋಡಿದೆ. ಡಾಕ್ಟರು ಹೇಳಿದ್ದನ್ನು ಶಶಿ ಫೋನಿನಲ್ಲಿ ತಿಳಿಸಿದಾಗ, ಹರಕೆ ಗಿರಕೆ ಎಲ್ಲ ಮೂಢನಂಬಿಕೆ ಎಂದಿದ್ದವಳು ಅವಳೇ. ಅವಳೂ ಕುಡೀರಿ ಅನ್ನಲಿಲ್ಲ. ಅವಳ ಕೈ ತಾನಾಗಿ ಹೋಗಿ ಮಗುವಿನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

“ಕುಡಿಯಲ್ಲ ನೋಡು ಅಮ್ಮಾ” ಅಂದಿತು ಪೂರ್ಣಿ. “ಅದ್ರಲ್ಲಿ ಇದೆ.”

ಕೃತಿಕಾ ಕೂತು ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡಳು. ಹಿಂದೆ ಅತ್ತೆಗೆ ಮಾಡುತ್ತಿದ್ದ ಹಾಗೆಯೇ ತಾನು ಒಂದು ಗುಟುಕು ಕುಡಿದಳು, ಮುಖ ತೋರಿಸಿದಳು, ಆಮೇಲೆ ಮಗುವಿನ ಬಾಯಿಗೆ ಹಿಡಿದಳು. ಪೂರ್ಣಿ ಅಜ್ಜಿಯ ಮೇಲೆ ಕಣ್ಣಿಟ್ಟುಕೊಂಡೇ ಕುಡಿದು ಮುಗಿಸಿತು.

ಅವರು ಗೋಣಿಬೀಡಿಗೆ ವಾಪಸು ಹೋದರು. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ ಅಂದಳು ಕೃತಿಕಾ. ತಪ್ಪು ಅನ್ನಲು ನನಗೆ ಬಾಯಿಲ್ಲ. ಅಕ್ಕ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ತೊಳೆಯತೊಡಗಿದಳು. ತಳದಲ್ಲಿ ಹಿಡಿದಿದ್ದನ್ನು ಉಗುರಿನಿಂದ ಕೆರೆದು ಕೆರೆದು ನಲ್ಲಿಯ ಕೆಳಗೆ ಹರಿಯಬಿಡುತ್ತಿದ್ದಳು.

“ಮುಂದಿನ ಇಂಜೆಕ್ಷನ್‌ಗೆ ಹೋದಾಗ ಡಾಕ್ಟ್ರನ್ನ ಕೇಳ್ಬೇಕು ಕಣೇ ಮುದ್ದಿ” ಅಂದಳು.

“ಏನಂತ?”

“ಮಗೂಗೂ ಒಂದು ಕೊಡೋಕಾಗುತ್ತಾ ಅಂತ.”