ಕಾಳ್ಯಾನಿಗೆ ಕಟ್ಟಿದ ಕಲ್ಲಿನ ಗೂಡು

ನಾಯಿಮರಿ ತಂದ ಮನೆಯಲ್ಲಿ ಮೊದಲ ವಾರ ಯಾರಿಗೂ ನೆಮ್ಮದಿ ಇರುವುದಿಲ್ಲ. ನಮ್ಮ ಶಹಾಬಾದಿನಲ್ಲೂ ಅಷ್ಟೇ, ನಿಮ್ಮ ಸೇಡಂ, ಚಿತ್ತಾಪುರದಲ್ಲೂ ಅಷ್ಟೇ. ಮರಿ ಕುಂಯ್‌ಗುಡುತ್ತದೆ, ಚಪ್ಪಲಿ ಕಚ್ಚುತ್ತದೆ, ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತದೆ. ಮನೆಯವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಒಳ್ಳೆಯ ಮನುಷ್ಯನೂ ಎಂಥ ಕೆಲಸ ಮಾಡಬಲ್ಲ ಎಂದು ಈ ಏಪ್ರಿಲ್‌ನಲ್ಲಿ ನಾನು ಕಣ್ಣಾರೆ ಕಂಡೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಹೆಸರು ಚಂದ್ರಕಲಾ. ನಮ್ಮ ಮಹಿಳಾ ಸಂಘಗಳ ಒಕ್ಕೂಟದಲ್ಲಿ ಪಶು ಸಖಿ. ದನಕ್ಕೆ, ಆಡಿಗೆ, ಕೋಳಿಗೆ ಏನಾದರೂ ಆದರೆ ಜನ ಮೊದಲು ನನ್ನನ್ನು ಕರೆಯುತ್ತಾರೆ. ನಾಯಿಗೆ ಮಾತ್ರ ಯಾರೂ ಕರೆಯುವುದಿಲ್ಲ. ನಾಯಿ ತಾನೇ, ಅದಕ್ಕೇನಾಗುತ್ತದೆ ಎನ್ನುತ್ತಾರೆ.

ನಮ್ಮ ಓಣಿಯ ಭಗವಂತ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸದವನು. ಹೆಂಡತಿ ಭಾಗ್ಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ತಾಯಿ ಪೀರಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಕಣ್ಣು ಇನ್ನೂ ಮಬ್ಬು. ಹಗಲೆಲ್ಲ ಒಬ್ಬಳೇ ಇರುವ ಅತ್ತೆಗೆ ಜೊತೆಯಾಗಲಿ ಎಂದು ಭಾಗ್ಯ ತನ್ನ ತವರು ಚಿಮ್ಮನಚೋಡದಿಂದ ಒಂದೂವರೆ ತಿಂಗಳ ಮರಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಪೀರಮ್ಮ ಅದಕ್ಕೆ ಕಾಳ್ಯಾ ಎಂದು ಹೆಸರಿಟ್ಟಳು.

ತೊಂದರೆ ಶುರುವಾದದ್ದು ಅಲ್ಲೇ. ಮರಿ ಕಪ್ಪು. ಮನೆಯ ನೆಲ ಫರ್ಸಿಯದು, ಅದೂ ಕಪ್ಪು. ಮಬ್ಬುಗಣ್ಣಿನ ಮುದುಕಿಗೆ ಅದು ಕಾಣುವುದಿಲ್ಲ, ಅದಕ್ಕೋ ಆಕೆಯ ಕಾಲು ಬಿಟ್ಟರೆ ಬೇರೆ ಜಾಗವಿಲ್ಲ. ನಾಲ್ಕನೇ ದಿನ ಪೀರಮ್ಮ ಎಡವಿ ಬಿದ್ದಳು. ಮುಂಗೈ ಬಾತುಕೊಂಡಿತು. ಭಗವಂತ ಗೋಣಿಚೀಲ ತಂದು ಬಾಗಿಲ ಹಿಂದೆ ಇಟ್ಟ. ಮರಿಯನ್ನು ಅದರಲ್ಲಿ ಹಾಕಿ ವಾಡಿ ಸ್ಟೇಷನ್ನಿನಲ್ಲಿ ಬಿಟ್ಟು ಬರುವುದಾಗಿ ಹೇಳಿದ. ಪೀರಮ್ಮ ಅವತ್ತು ಊಟ ಮಾಡಲಿಲ್ಲ.

ಭಾಗ್ಯ ಸಂಘದ ಮೀಟಿಂಗಿನಲ್ಲಿ ನನಗೆ ಇದನ್ನು ಹೇಳಿದಳು. ನಾನು ರಿಜಿಸ್ಟರ್ ಬರೆಯುತ್ತಿದ್ದೆ. ತಲೆ ಎತ್ತದೆ, ‘ಒಂದು ಗೂಡು ಮಾಡಿ ಅದರಾಗ ಹಾಕ್ರಿ’ ಅಂದೆ. ಅಷ್ಟೇ ಹೇಳಿದ್ದು. ಎಂಥ ಗೂಡು, ಎಲ್ಲಿ ಇಡಬೇಕು, ಹೇಗೆ ರೂಢಿ ಮಾಡಿಸಬೇಕು, ಒಂದು ಮಾತೂ ಹೇಳಲಿಲ್ಲ. ಬೇರೆಯವರಿಗೆ ಬೈಯುವ ಮೊದಲು ನನಗೆ ನಾನೇ ಬೈದುಕೊಳ್ಳಬೇಕು.

ಫರ್ಸಿ ಕೆಲಸದವನು ಗೂಡನ್ನು ಯಾವುದರಿಂದ ಕಟ್ಟುತ್ತಾನೆ? ಭಗವಂತ ಅಂಗಳದಲ್ಲಿ, ನೆರಳಿಲ್ಲದ ಕಡೆ, ಮೂರು ಫರ್ಸಿ ನಿಲ್ಲಿಸಿ ಸಿಮೆಂಟ್ ಮೆತ್ತಿದ. ಮೇಲೊಂದು ಫರ್ಸಿ ಹೊಚ್ಚಿದ. ಬಾಗಿಲಿಗೂ ಒಂದು ಫರ್ಸಿ ಒರಗಿಸಿ, ಅಲುಗಾಡದಂತೆ ಕಲ್ಲು ಇಟ್ಟ. ನೋಡಿದವರು ಮನೆಗಿಂತ ಗೂಡೇ ಗಟ್ಟಿಯಾಗಿದೆ ಎಂದು ಹೊಗಳಿದರು. ಯಾರಾದರೂ ಒಬ್ಬರು ಸೂರ್ಯನ ಕಡೆ ನೋಡಿದ್ದರೆ ಸಾಕಿತ್ತು.

ಮರುದಿನ ಮುಂಜಾನೆ ಮರಿಯನ್ನು ಒಳಗೆ ನೂಕಿ, ತಾಯಿಗೆ ತೆಗೆಯಬೇಡವೆಂದು ಹೇಳಿ, ಗಂಡಹೆಂಡತಿ ಕೆಲಸಕ್ಕೆ ಹೋದರು. ಮಧ್ಯಾಹ್ನ ಪಕ್ಕದ ಮನೆಯ ಇಮಾಮ್ಬೀ ನನಗೆ ಫೋನ್ ಮಾಡಿದಳು.

‘ಮುಂಜಾನಿಂದ ಮರಿ ಒದರ್ಲಿಕತ್ತಿತ್ತು. ಈಗ ಒದರೋದು ಬಂದ್ ಆಗ್ಯಾದ. ಜಲ್ದಿ ಬಾ.’

ಓಡಿದೆ. ನಾನೂ ಇಮಾಮ್ಬೀಯೂ ಬಾಗಿಲ ಫರ್ಸಿ ಸರಿಸಲು ಕೈ ಹಾಕಿದರೆ ಅಂಗೈ ಸುಟ್ಟಿತು. ಸೆರಗು ಸುತ್ತಿಕೊಂಡು ಎತ್ತಿದೆವು. ಮರಿ ತನ್ನ ಉಚ್ಚೆಯಲ್ಲೇ ಬಿದ್ದಿತ್ತು. ನಾಲಿಗೆ ಹೊರಗೆ, ಬಾಯಲ್ಲಿ ಜೊಲ್ಲು, ಕಣ್ಣು ಮೇಲೆ. ನೆರಳಿಗೆ ತಂದು ಹೊಟ್ಟೆಗೆ, ಪಾದಗಳಿಗೆ ತಣ್ಣೀರು ಸವರಿದೆವು. ಮಂಜುಗಡ್ಡೆ ಅಲ್ಲ, ಕೊಡದ ನೀರು. ಗಾಳಿ ಹಾಕಿದೆವು. ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದೆವು. ಸಲೈನ್ ಹಚ್ಚಿದ ಡಾಕ್ಟರು, ಇನ್ನರ್ಧ ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಪೀರಮ್ಮ ಅಷ್ಟೂ ಹೊತ್ತು ಹೊಸ್ತಿಲಲ್ಲೇ ಕೂತಿದ್ದಳು. ಬಾತ ಕೈಯಿಂದ ಫರ್ಸಿ ಸರಿಸಲು ನೋಡಿದ್ದಳಂತೆ, ಆಗಿರಲಿಲ್ಲ. ಕಂಡು ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಸಂಜೆ ಭಗವಂತ ಮನೆಗೆ ಬಂದಾಗ, ಆಸ್ಪತ್ರೆಯಿಂದ ಮರಿಯನ್ನು ತಂದು ಪೀರಮ್ಮನ ಮಡಿಲಿಗೆ ಹಾಕಿ ನಾನು ಅಲ್ಲೇ ಇದ್ದೆ. ಕುಂದ್ರಿ ಅಂದರೂ ಕೂಡಲಿಲ್ಲ.

‘ಅಣ್ಣಾ, ನೀವು ಫರ್ಸಿ ಕೆಲಸದವ್ರು. ಮಧ್ಯಾಹ್ನದಾಗ ಬಿಸಿಲಾನ ಫರ್ಸಿ ಮ್ಯಾಲ ಬರಿಗಾಲಿಲೆ ನಿಂದ್ರತೀರೇನ್ರಿ?’

‘ಯಾರ್ ನಿಂದ್ರತಾರ್ರಿ. ಕಾಲು ಸುಡ್ತಾವ.’

‘ಮತ್ತ ಅದೇ ಫರ್ಸಿ ಸುತ್ತಾ ನಿಂದ್ರಿಸಿ, ಒಳಗ ಒಂದು ಕೂಸಿಗಿ ಹಾಕೀರಲ್ಲ.’

ಅವನು ನೆಲ ನೋಡಿದ. ಆಮೇಲೆ ಮೆಲ್ಲಗೆ, ಗೂಡು ಮಾಡಿರೆಂದು ಹೇಳಿದವರು ನೀವೇ ಅಲ್ಲವೇ ಎಂದು ಕೇಳಿದ. ಹೌದು, ಅರ್ಧ ಹೇಳಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಅವನಿಗೆ ಅಷ್ಟೇ ಸಾಕಾಯಿತು.

‘ಒಂದು ನಾಯಿ ಸಲುವಾಗಿ ಇಷ್ಟೆಲ್ಲಾ ಯಾಕ್ರಿ ಅಕ್ಕೋರೆ? ಹೈರಾಣ ಆಗ್ಯಾದ. ನಾಳಿ ವಾಡಿಗಿ ಒಯ್ದು ಬಿಡ್ತೀನಿ, ಮುಗೀತು.’

ಆಗ ಪೀರಮ್ಮ ಮಾತಾಡಿದಳು. ಮಗನ ಕಡೆ ನೋಡಲಿಲ್ಲ, ಮಡಿಲಲ್ಲಿದ್ದ ಮರಿಯ ಬೆನ್ನು ಸವರುತ್ತಿದ್ದಳು.

‘ನಾ ಈ ಮನಿಗಿ ಬಂದಾಗ ಸಣ್ಣಾಕಿ. ಎಂಟ್ ದಿನ ಅತ್ತೀನಿ. ನಿಮ್ಮ ಆಯಿ, ನಮ್ಮತ್ತಿ, ನನಗ ಖೋಲ್ಯಾಗ ಹಾಕಿ ಚಿಲಕ ಹಾಕಿಲ್ಲ. ಬಾಜೂ ಕುಂತು ಉಣಿಸ್ಯಾಳ. ಒಂಬತ್ತನೇ ದಿನಕ್ಕ ಆ ಖೋಲಿ ನಂದಾಯ್ತು. ಇದೂ ತಾಯಿ ಬಿಟ್ಟು ಬಂದಾದ, ಭಗವಂತಾ.’

‘ಎಂಟ್ ದಿನ ನೋಡ್ತೀನಿ. ಆಮ್ಯಾಲ ಚೀಲಾನೇ’ ಎಂದು ಭಗವಂತ ಎದ್ದು ಹೋದ.

ಈ ಸಲ ನಾನು ಪೂರ್ತಿ ಹೇಳಿದೆ, ದಿನಾ ಹೋಗಿ ನಿಂತು ನೋಡಿದೆ. ಇಮಾಮ್ಬೀ ಮನೆಯಲ್ಲಿ ಖಾಲಿ ಬಿದ್ದಿದ್ದ ಕೋಳಿಯ ಜಾಳಿಗೆ ಪಂಜರವನ್ನು ಸೋಪು ಹಾಕಿ ತೊಳೆದು ಒಣಗಿಸಿದೆವು. ಮರಿ ಅದರಲ್ಲಿ ನಿಲ್ಲಬಹುದು, ತಿರುಗಬಹುದು, ಕಾಲು ಚಾಚಿ ಮಲಗಬಹುದು. ಅಂಗಳದಲ್ಲಿ ಅಲ್ಲ, ಮನೆಯೊಳಗೆ, ಗಾಳಿ ಬರುವ ಕಡೆ, ಪೀರಮ್ಮನ ಮಂಚದ ಪಕ್ಕ ಇಟ್ಟೆವು. ಒಳಗೆ ಆಕೆಯ ಹಳೆಯ ಸೀರೆಯ ತುಂಡು. ಬಾಗಿಲು ಮುಚ್ಚದಂತೆ ದಾರದಿಂದ ಹಿಂದಕ್ಕೆ ಕಟ್ಟಿದೆವು. ಮರಿಯನ್ನು ಯಾರೂ ಒಳಗೆ ನೂಕಬಾರದು, ಕೊರಳಪಟ್ಟಿ ಹಾಕಿದ್ದರೆ ಬಿಚ್ಚಬೇಕು ಎಂದೆ, ಜಾಳಿಗೆಗೆ ಸಿಕ್ಕಿಕೊಂಡರೆ ಉರುಲಾಗುತ್ತದೆ.

ಮೊದಲ ದಿನ ಪೀರಮ್ಮ ನೆನೆಸಿದ ರೊಟ್ಟಿಯನ್ನು ಪಂಜರದ ಬಾಗಿಲಲ್ಲಿ ಇಟ್ಟಳು. ಎರಡನೇ ದಿನ ಸ್ವಲ್ಪ ಒಳಗೆ. ಮೂರನೇ ದಿನ ಕಾಳ್ಯಾ ತಾನೇ ಪೂರ್ತಿ ಒಳಗೆ ಹೋಗಿ ಉಂಡ. ನಾಲ್ಕನೇ ದಿನ ಉಣ್ಣುವಾಗ ಬಾಗಿಲು ಮುಚ್ಚಿದೆವು, ಉಂಡು ಮುಗಿಸಿದ ಕೂಡಲೇ ತೆಗೆದೆವು. ಒಳಗೆ ಹೋಗುವ ಮೊದಲೊಮ್ಮೆ, ಹೊರಗೆ ಬಂದ ಮೇಲೊಮ್ಮೆ ಉಚ್ಚೆಗೆ ಅಂಗಳಕ್ಕೆ ಬಿಟ್ಟೆವು. ಅಷ್ಟು ಸಣ್ಣ ಮರಿ ಒಂದೆರಡು ತಾಸಿಗಿಂತ ಹೆಚ್ಚು ತಡೆಯಲಾರದು.

ಐದನೇ ದಿನ ಎಲ್ಲಾ ಕೆಟ್ಟಿತು. ಕಾಳ್ಯಾ ಚಪ್ಪಲಿ ಕಚ್ಚಿದ್ದಕ್ಕೆ ಭಗವಂತ ಅವನ ಕುತ್ತಿಗೆ ಹಿಡಿದು ಪಂಜರಕ್ಕೆ ಎಸೆದು ಚಿಲಕ ಹಾಕಿದ. ಮರುದಿನ ಮರಿ ಪಂಜರದ ಹತ್ತಿರವೂ ಸುಳಿಯಲಿಲ್ಲ. ನನ್ನ ತಾಳ್ಮೆ ಹಾರಿತು. ನಿಮಗೆ ಶಿಕ್ಷೆ ಕೊಡುವ ಜಾಗದಲ್ಲೇ ಹಾಸಿಗೆ ಹಾಸಿದರೆ ನಿಮಗೆ ನಿದ್ದೆ ಬರುತ್ತದೆಯೇ ಎಂದು ಓಣಿಗೆಲ್ಲ ಕೇಳುವಂತೆ ಬೈದೆ. ಅವನು ತಿರುಗಿ ಬೈಯಲಿಲ್ಲ. ಮತ್ತೆ ಮೊದಲಿನಿಂದ ಮಾಡಬೇಕೇ ಎಂದು ಕೇಳಿದ. ಮೊದಲಿನಿಂದಲೇ ಅಂದೆ. ಅವತ್ತು ಸಂಜೆ ಬಾಗಿಲಿಗೆ ದಾರ ಕಟ್ಟಿ, ರೊಟ್ಟಿ ಚೂರು ಹಿಡಿದು ಪಂಜರದ ಮುಂದೆ ಕೂತವನು ಭಗವಂತನೇ.

ಎಂಟು ದಿನ ಮುಗಿದವು. ಅವನು ಚೀಲದ ಮಾತು ತೆಗೆಯಲಿಲ್ಲ, ನಾವೂ ನೆನಪಿಸಲಿಲ್ಲ. ಬಾಗಿಲು ಮುಚ್ಚಿ ಪಕ್ಕದಲ್ಲಿ ಕೂಡುವುದು ಐದು ನಿಮಿಷವಿದ್ದದ್ದು ಹತ್ತಾಯಿತು, ಇಪ್ಪತ್ತಾಯಿತು. ಸುಮ್ಮನೆ ರಗಳೆ ಮಾಡಿದರೆ ಅರೆಕ್ಷಣ ಸುಮ್ಮನಾಗುವ ತನಕ ಕಾದು ತೆಗೆಯುತ್ತಿದ್ದರು. ತೇಕಿದರೆ, ಉಚ್ಚೆಗೆ ಚಡಪಡಿಸಿದರೆ ಆಗಿಂದಾಗಲೇ ತೆಗೆಯುತ್ತಿದ್ದರು.

ಹನ್ನೆರಡನೇ ದಿನ ಭಗವಂತನಿಗೆ ರಜೆ. ನಾನು ಹೋದಾಗ ಅವನು ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದ. ಪೀರಮ್ಮ ‘ಒಳಗ ಹೋಗಪ್ಪಾ’ ಅಂದಳು. ಕಾಳ್ಯಾ ಹೋಗಿ ಸೀರೆ ತುಂಡಿನ ಮೇಲೆ ಸುತ್ತಿಕೊಂಡು ಮಲಗಿದ. ಆಕೆ ಚಿಲಕ ಹಾಕಿ, ಗೋಡೆ ಹಿಡಿಯದೆ, ಕಾಲಿನಿಂದ ನೆಲ ತಡವದೆ, ನೆಟ್ಟಗೆ ನೀರಿನ ಕೊಡದ ತನಕ ನಡೆದು ನೀರು ಕುಡಿದು ಬಂದಳು.

ಭಗವಂತ ಸುತ್ತಿಗೆ ತಗೊಂಡು ಅಂಗಳಕ್ಕೆ ಹೋದ. ಕಲ್ಲಿನ ಗೂಡನ್ನು ಒಡೆದು, ಗಟ್ಟಿ ಉಳಿದ ಫರ್ಸಿಗಳನ್ನು ತಾಯಿಯ ಕಾಲು ಕೆಸರಲ್ಲಿ ಜಾರದಂತೆ ಬಚ್ಚಲ ಮುಂದೆ ಹಾಸಿದ. ಆಮೇಲೆ ಬಾಗಿಲ ಹಿಂದಿನ ಗೋಣಿಚೀಲ ತೆಗೆದು, ಝಾಡಿಸಿ, ನಾಲ್ಕು ಮಡಿಕೆ ಮಾಡಿ ಕಾಳ್ಯಾನ ಕೆಳಗೆ ಹಾಸಿದ.

ಓದುತ್ತಿರುವ, ಕೇಳುತ್ತಿರುವ ನಿಮಗೆ ನಾನು ಹೇಳುವುದು ಇಷ್ಟೇ. ಮರಿ ತಂದಿರಾ, ಅದಕ್ಕೊಂದು ಗೂಡು ಮಾಡಿ, ಆದರೆ ನೆರಳಲ್ಲಿ, ಗಾಳಿಯಲ್ಲಿ, ನಿಮ್ಮ ಹತ್ತಿರ. ಅದು ತಾನಾಗಿ ಒಳಗೆ ಹೋಗುವ ತನಕ ಎಂಟಲ್ಲ, ಹದಿನೈದು ದಿನವಾದರೂ ಕಾಯಿರಿ. ಸಿಟ್ಟು ಬಂದಾಗ ಅದನ್ನು ಅದರೊಳಗೆ ಹಾಕಬೇಡಿ. ಹಗಲೆಲ್ಲ ಮುಚ್ಚಿಡಬೇಡಿ. ಪಶು ಆಸ್ಪತ್ರೆಗೆ ಒಯ್ದು ಲಸಿಕೆ ಹಾಕಿಸಿ. ಬಾಗಿಲು ಹಾಕುವ ಮೊದಲು ನಿಮ್ಮ ಅಂಗೈಯನ್ನು ಗೂಡಿನೊಳಗೆ ಇಟ್ಟು ನೋಡಿ. ಕೈ ಇಟ್ಟುಕೊಳ್ಳಲು ಆಗದ ಕಡೆ ಮರಿಯನ್ನು ಇಡಬೇಡಿ.

ಪಕ್ಕದ ಮನೆಯವರಿಗೂ ಒಂದು ಮಾತು. ಒದರುತ್ತಿದ್ದ ಮರಿ ಒಮ್ಮೆಲೇ ಸುಮ್ಮನಾದರೆ ಮಲಗಿತು ಎಂದುಕೊಳ್ಳಬೇಡಿ. ಎದ್ದು ಹೋಗಿ ನೋಡಿ. ಅವತ್ತು ಇಮಾಮ್ಬೀ ಹಾಗೆ ಅಂದುಕೊಂಡಿದ್ದರೆ ಕಾಳ್ಯಾ ಇವತ್ತು ಇರುತ್ತಿರಲಿಲ್ಲ.