ವೈಜಿನಾಥ ಕಾಕಾರ ನಾಲಿಗೆಯ ಸರ್ಟಿಫಿಕೇಟು

ನಮ್ಮ ಪಶು ಆಹಾರದ ಕಾರ್ಖಾನೆಯಲ್ಲಿ ಅಪಾಯಗಳೇ ಇಲ್ಲ ಎಂದು ಸಾವಕಾರ ಓಂಪ್ರಕಾಶರು ಹೇಳಿದ ದಿನ, ಅವರ ತಲೆಯ ಮೇಲಿನ ಫ್ಯಾನಿನಲ್ಲಿ ಒಂದು ಬೋಲ್ಟು ಸಡಿಲಾಗಿ ಕಟಕಟ ಅನ್ನುತ್ತಿತ್ತು. ನಾನು ಅದನ್ನೂ ಬರೆದುಕೊಂಡೆ. ಬರೆದುಕೊಳ್ಳುವುದೇ ನನ್ನ ನೌಕರಿ. ದಿನಾ ಬೀದರಿನ ಚಿದ್ರಿಯಿಂದ ಬಸ್ಸು ಹತ್ತಿ ಖಟಕ ಚಿಂಚೋಳಿ ಹತ್ತಿರದ ಈ ಕಾರ್ಖಾನೆಗೆ ಬರುತ್ತೇನೆ. ದನಗಳ ಹೊಟ್ಟೆಗೆ ಹೋಗಬಾರದ್ದು ಏನೇನು ಹೋಗಬಹುದು ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಇಪ್ಪತ್ತೈದರೊಳಗೆ ಅಂಕ ಹಾಕುತ್ತೇನೆ. ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು.

ಸಾವಕಾರರು ಪಟ್ಟಿಯ ಮೇಲೆ ಬೆರಳಾಡಿಸಿದರು. ಮೆಕ್ಕೆಜೋಳದ ಬೂಷ್ಟಿನ ಮುಂದೆ ಇಪ್ಪತ್ತಿತ್ತು.

"ಇಪ್ಪತ್ತೈದಕ್ಕ ಇಪ್ಪತ್ತು! ಎಂಬತ್ತು ಪರ್ಸೆಂಟ್! ಶಾಬಾಸ್ ಕರುಣಾಬಾಯಿ!"

ಇದು ಪಾಸಾಗುವ ಅಂಕವಲ್ಲ, ದನ ಕಾಯಿಲೆ ಬೀಳುವ ಅಂಕ ಎಂದು ಬಿಡಿಸಿ ಹೇಳಿದೆ.

"ಹಂಗಾದ್ರ ಎರಡು ಹಾಕ್ರಿ," ಎಂದರು, ಬದನೆಕಾಯಿ ಚೌಕಾಸಿ ಮಾಡುವವರಂತೆ.

"ಜೋಳ ಲ್ಯಾಬಿಗಿ ಕಳಸ್ರಿ, ಅದು ಚಲೋ ಅದ ಅಂದ್ರ ಹಾಕ್ತೇನಿ."

"ಲ್ಯಾಬ್ ಯಾಕ್ರಿ? ನಮ್ಮ ವೈಜಿನಾಥ ಇಲ್ಲೇನು?" ನನ್ನ ಪೆನ್ನು ಕಸಿದುಕೊಂಡು 'ತಪಾಸಣೆಯ ಉಪಕರಣ' ಎಂಬ ಕಾಲಮಿನಲ್ಲಿ ಅವರೇ ಬರೆದರು: ವೈಜಿನಾಥ, ಒಂದು.

ವೈಜಿನಾಥ ಕಾಕಾ ಇಪ್ಪತ್ತೆಂಟು ವರ್ಷಗಳಿಂದ ಇಲ್ಲಿದ್ದಾರೆ. ಮಿಕ್ಸರಿನಿಂದ ಬಿದ್ದ ಪ್ರತಿ ಲಾಟಿನ ಮೊದಲ ಚಿಟಿಕೆ ಅವರ ಬಾಯಿಗೆ. ಹಣೆಯಲ್ಲಿ ವಿಭೂತಿ, ಕಣ್ಣು ಮುಚ್ಚಿ ಅಗಿದು "ಹೂಂ" ಎಂದರೆ ಮಾತ್ರ ಚೀಲದ ಬಾಯಿ ಹೊಲಿಯುತ್ತಾರೆ. "ದನಾ ಬಾಯಿಬಿಟ್ಟು ಹೇಳಂಗಿಲ್ಲರಿ. ಅದರ ಪರವಾಗಿ ನಾ ತಿಂತೇನಿ," ಎನ್ನುತ್ತಾರೆ. ಆ ಒಂದು ಹೂಂಕಾರಕ್ಕಾಗಿ ಹಮಾಲರು, ಲಾರಿಯವರು, ಸ್ವತಃ ಸಾವಕಾರರೂ ಕೈಕಟ್ಟಿ ನಿಲ್ಲುತ್ತಾರೆ. ಅದಿಲ್ಲದಿದ್ದರೆ ಕಾಕಾ ಬರೀ ಒಬ್ಬ ಮುದುಕ, ನಾಳೆಯೇ ಮನೆಗೆ ಕಳಿಸಬಹುದಾದವರು.

ನಾನು ಪಟ್ಟಿಯನ್ನು ಹಾಗೆಯೇ ಕಳಿಸಿಬಿಟ್ಟೆ. ಸಿಟ್ಟಿನಲ್ಲಿ ಕಳಿಸಿದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಮಾಲು ಕೊಳ್ಳಬೇಕಿದ್ದ ಔರಾದಿನ ಹಾಲಿನ ಸಂಘದವರು ನಕ್ಕು ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ವಾರದೊಳಗೆ ಪತ್ರ ಬಂತು: 'ವೈಜಿನಾಥ ಎಂಬ ಉಪಕರಣವು ನಿಖರವಾಗಿ ಕೆಲಸ ಮಾಡುತ್ತಿರುವ ಬಗ್ಗೆ ಪ್ರಮಾಣಪತ್ರ ಹಾಗೂ ಕೊನೆಯ ಸರ್ವಿಸಿಂಗ್ ದಿನಾಂಕ ಒದಗಿಸಿ.'

ಸಾವಕಾರರು ಅಂಜುವ ಪೈಕಿಯಲ್ಲ. ಕಾಕಾರನ್ನು ಜೀಪಿನಲ್ಲಿ ಕೂರಿಸಿಕೊಂಡು ಬೀದರಿನ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಹಲ್ಲು ಎಣಿಸಿ ಬರೆದುಕೊಟ್ಟರು: ಇಪ್ಪತ್ತಾರು ಕಾರ್ಯನಿರತ. ಕಾಕಾ ಹಿಂದಿನ ವರ್ಷ ಒಂದು ದವಡೆಹಲ್ಲು ಕೀಳಿಸಿದ ದಿನವನ್ನೇ ಸಾವಕಾರರು ಸರ್ವಿಸಿಂಗ್ ದಿನಾಂಕವೆಂದು ಹಾಕಿದರು. ತೂಕದ ಯಂತ್ರಕ್ಕೆ ಅಂಟಿಸುವ ಹಸಿರು ಚೀಟಿಯೊಂದನ್ನು ಕಾಕಾರ ಅಂಗಿಯ ಜೇಬಿಗೆ ಅಂಟಿಸಿದರು: 'ಪರೀಕ್ಷಿಸಲಾಗಿದೆ.' ಅಂಗಿ ಒಗೆದರೂ ಚೀಟಿ ಹೋಗದಂತೆ ಕಾಕಾ ಅದರ ಸುತ್ತ ಹೊಲಿಗೆ ಹಾಕಿಸಿಕೊಂಡು ಬಂದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಉಪಕರಣವನ್ನು ಕಣ್ಣಾರೆ ಪರೀಕ್ಷಿಸಲು ಸಂಘದವರು ಒಬ್ಬ ಅಧಿಕಾರಿಯನ್ನು ಕಳಿಸುವುದೆಂದಾಯಿತು. ಅದರ ಹಿಂದಿನ ದಿನ ಮಧ್ಯಾಹ್ನ ಕಾಕಾರಿಗೆ ನನ್ನ ಡಬ್ಬಿಯ ಕಡಲೆಹಿಟ್ಟಿನ ಝುಣಕ ಕೊಟ್ಟೆ. "ಭಾಳ ಚಂದ ಆಗೇದ್ ನೋಡ್ರಿ," ಎಂದರು. ನಾನೂ ಒಂದು ತುತ್ತು ತಿಂದೆ. ಉಪ್ಪೇ ಹಾಕಿರಲಿಲ್ಲ.

ಕಾಕಾರ ಮುಖ ನೋಡಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಕೊರೊನಾ ಬಂದು ಹೋದಾಗಿಂದ ಏನೂ ರುಚಿ ಹತ್ತವಲ್ದ್ರಿ ಕರುಣಾಬಾಯಿ. ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ನನಗ ಯಾರು ಇಟ್ಕೋತಾರ?"

ಇಷ್ಟು ವರ್ಷದ ಹೂಂಗಳೆಲ್ಲ ಅಂದಾಜಿನ ಮೇಲೆ! ಬೂಷ್ಟಿನ ವಿಷಕ್ಕೆ ರುಚಿಯೇ ಇಲ್ಲ, ಎಂಥ ನಾಲಿಗೆಗೂ ಅದು ಸಿಗುವುದಿಲ್ಲ ಎಂಬುದು ನನಗೆ ಗೊತ್ತು. ಗೋದಾಮಿನಲ್ಲಿ ಮಳೆಗೆ ನೆನೆದ ಮೆಕ್ಕೆಜೋಳದ ನೂರು ಚೀಲ ಬೇರೆ ಕೂತಿತ್ತು. ಹೇಳಿದರೆ ಕಾಕಾರ ಕೆಲಸ ಹೋಗುತ್ತದೆ, ಹೇಳದಿದ್ದರೆ ಆ ಜೋಳ ಎಮ್ಮೆಗಳ ಹೊಟ್ಟೆ ಸೇರುತ್ತದೆ. ರಾತ್ರಿಯೆಲ್ಲ ಹೊರಳಾಡಿದೆ. ಬೆಳಿಗ್ಗೆ ಬಸ್ಸಿಳಿಯುವಾಗಲೂ ಹೇಳುವ ಧೈರ್ಯ ಬಂದಿರಲಿಲ್ಲ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಸಂಘದಿಂದ ಬಂದ ತಪಾಸಣೆಯ ಅಧಿಕಾರಿ ಬದ್ರೋದ್ದೀನರು ಗಂಭೀರ ಮನುಷ್ಯ. ಜೇಬಿನ ಚೀಟಿ ಓದಿದರು. ಹಲ್ಲಿನ ಸರ್ಟಿಫಿಕೇಟು ಓದಿದರು. ಆಮೇಲೆ ಮೂರು ಬಟ್ಟಲುಗಳಲ್ಲಿ ಆಹಾರ ಇಟ್ಟರು.

"ಒಂದರಾಗ ಉಪ್ಪಿಲ್ಲ, ಒಂದರಾಗ ದುಪ್ಪಟ್ಟು ಅದ, ಒಂದು ಸರಿ ಅದ. ಯಾವುದು ಯಾವುದು ಹೇಳ್ರಿ ಚಾಚಾ."

ಸಾವಕಾರರು ಆಗಲೇ ಪೇಢೆ ತರಿಸಿ ಇಟ್ಟಿದ್ದರು. ಕಾಕಾ ಕಣ್ಣು ಮುಚ್ಚಿ ಒಂದೊಂದೇ ಚಿಟಿಕೆ ಅಗಿದರು. ಅಗಿಯುತ್ತಲೇ ಇದ್ದರು. ಹಮಾಲರು ಹೂಂಕಾರಕ್ಕೆ ಕಾದರು. ಮೂರೂ ಬಟ್ಟಲನ್ನು ಕಾಕಾ ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಮೂರೂ ಹಾಕಬ್ಯಾಡ್ರಿ ಸಾಹೇಬ್ರ. ನನಗ ರುಚಿ ತಿಳೀವಲ್ದು. ನಾಕು ವರ್ಷದ ಮ್ಯಾಲಾತು. ತಿಳೀಲಾರದ್ದು ದನಕ್ಕ ಹಾಕಬಾರದು."

ಹೇಳಿ, ಹೊಲಿಗೆ ಬಿಚ್ಚಲು ಜೇಬಿಗೆ ಕೈ ಹಾಕಿದರು.

"ಅದು ಇರಲಿ ಚಾಚಾ," ಎಂದರು ಬದ್ರೋದ್ದೀನರು. ಪೆನ್ನು ತೆಗೆದು ಬಹಳ ಹೊತ್ತು ಬರೆದರು. ಆಮೇಲೆ ಎಲ್ಲರಿಗೂ ಕೇಳುವಂತೆ ಓದಿದರು: "ಉಪಕರಣ ಕೆಟ್ಟಿದೆ. ಕೆಟ್ಟಿರುವುದನ್ನು ತಾನೇ ತಿಳಿಸಿದೆ. ಇಂಥ ಉಪಕರಣ ಬೇರೆ ಯಾವ ಕಾರ್ಖಾನೆಯಲ್ಲೂ ಕಂಡಿಲ್ಲ. ಇದನ್ನು ತೆಗೆದುಹಾಕಿದರೆ ಮಾಲು ಕೊಳ್ಳುವುದಿಲ್ಲ. ಜೋಳ ಲ್ಯಾಬಿಗೆ ಕಳಿಸಬೇಕು."

ಸಾವಕಾರರು ಪೇಢೆಯ ಪುಡಿಕೆ ಹಿಡಿದುಕೊಂಡೇ ನಿಂತಿದ್ದರು. ಪಾಸಾದೆವೋ ಫೇಲಾದೆವೋ ಎಂದು ನನ್ನನ್ನು ಕೇಳಿದರು. ಅವರ ಪುಡಿಕೆಯಿಂದ ಒಂದು ಪೇಢೆ ತೆಗೆದು ತಿಂದೆ.

ಲ್ಯಾಬಿನ ಉತ್ತರ ಬರುವವರೆಗೆ ಯಾರೂ ಮುಟ್ಟದಂತೆ ಕಾಕಾ ಈಗ ಆ ನೂರು ಚೀಲಗಳ ಎದುರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಜೇಬಿನ ಮೇಲೆ ಹಸಿರು ಚೀಟಿ. ಇವತ್ತು ಮಧ್ಯಾಹ್ನ ಅಲ್ಲೇ ಹೋಗಿ ನನ್ನ ಡಬ್ಬಿ ತೆರೆದೆ.

"ಹ್ಯಾಂಗ ಆಗೇದ್ರಿ ಕಾಕಾ?"

"ಏನೂ ತಿಳೀವಲ್ದ್ರಿ," ಎಂದರು, ಅಗಿಯುತ್ತ. "ನೀವೇ ಹೇಳ್ರಿ, ಹ್ಯಾಂಗ ಆಗೇದ?"

ಉಪ್ಪು ಸರಿಯಾಗಿದೆ, ಖಾರ ಜರಾ ಹೆಚ್ಚಾಗಿದೆ ಎಂದೆ. ಕಾಕಾ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಹೂಂ" ಎಂದರು.