ಎರಡು ಡಬ್ಬಿ ಬೂದು ಬಣ್ಣ

ಹದ್ದು ಹನ್ನೊಂದು ದಿನ ಆ ಗೋಡೆಯ ಮುಂದೆ ನಿಂತು ಬಣ್ಣ ಹೊಂದಿಸಿದ. ಹನ್ನೆರಡನೆಯ ದಿನ ಬೆಳಿಗ್ಗೆ ಶಿಲ್ಪಿ ಹತ್ತು ಜನರ ಎದುರಿಗೆ ಅವನನ್ನು ಕುರುಡ ಎಂದ.

ಹದ್ದು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಾರುಗಳಿಗೆ ಬಣ್ಣ ಹೊಡೆಯುವ ಸೋದರಮಾವನ ಶೆಡ್ಡಿನಲ್ಲಿ ಅಂಟಿಕೊಂಡ ಹೆಸರು. ಎಲ್ಲೋ ಗುದ್ದಿಸಿಕೊಂಡು ಬಂದ ಕಾರಿಗೆ ಒಂದೇ ಒಂದು ಬಾಗಿಲು ಹೊಸದಾಗಿ ಬಂದಿರುತ್ತದೆ. ಅದನ್ನು ಉಳಿದ ಮೂರು ಹಳೆಯ ಬಾಗಿಲುಗಳ ಪಕ್ಕದಲ್ಲಿ ನಿಲ್ಲಿಸಿದಾಗ ಯಾವುದು ಹೊಸತೆಂದು ಮಾಲೀಕನ ಹೆಂಡತಿಗೂ ಗೊತ್ತಾಗಬಾರದು. ಡಬ್ಬಿಯ ಮೇಲಿನ ನಂಬರು ನೋಡಿ ಕಲಸಿದರೆ ಆಗುವ ಕೆಲಸವಲ್ಲ ಅದು. ಒಂದು ಹನಿ ಕೆಂಪು, ಅರ್ಧ ಹನಿ ಕಪ್ಪು, ಕಣ್ಣು ಮುಚ್ಚು, ತೆರೆ, ನೋಡು. ಆರನೇ ಕ್ಲಾಸಿಗೆ ಶಾಲೆಗೆ ಬೆನ್ನು ಹಾಕಿದವನ ಹತ್ತಿರ ಇದ್ದ ಆಸ್ತಿಯೆಲ್ಲ ಆ ಎರಡು ಕಣ್ಣು. ಅವುಗಳ ಮೇಲಿನ ನಂಬಿಕೆ ಹೋಯಿತೆಂದರೆ ಶೆಡ್ಡಿನಲ್ಲಿ ಅವನಿಗೆ ಉಳಿಯುವುದು ಮರಳು ಕಾಗದ ಹಿಡಿದು ತುಕ್ಕು ಉಜ್ಜುವ ಮೂಲೆ.

ಶಿಲ್ಪಿ ದೊಡ್ಡ ಹೆಸರಿನವನು. ಎದೆಯವರೆಗೆ ಗಡ್ಡ, ಕತ್ತಿನಲ್ಲಿ ತೂಗುವ ಎರಡು ಕನ್ನಡಕ, ಮೂಗಿನ ಮೇಲೆ ಮಾತ್ರ ಒಂದೂ ಇಲ್ಲ. ಎರಡಾಳೆತ್ತರದ ಉಕ್ಕಿನ ತಗಡೊಂದನ್ನು ಹೊಟ್ಟೆ ಉಬ್ಬಿದಂತೆ ಬಾಗಿಸಿ, ಪ್ರದರ್ಶನದ ಕೋಣೆಯಲ್ಲಿ ಗೋಡೆಗಿಂತ ಎರಡು ಹೆಜ್ಜೆ ಮುಂದಕ್ಕೆ ನೇತುಹಾಕಿಸಿದ್ದ. ಗೋಡೆಗೂ ತಗಡಿಗೂ ಒಂದೇ ಬಣ್ಣ. ನೆರಳು ಬೀಳದಂತೆ ನಾಲ್ಕೂ ಕಡೆಯಿಂದ ದೀಪ. ಒಳಗೆ ಬಂದವರಿಗೆ ಖಾಲಿ ಗೋಡೆ ಬಿಟ್ಟು ಏನೂ ಕಾಣಬಾರದು.

"ಇರೋದನ್ನ ಇಲ್ಲ ಅನ್ನಿಸಬೇಕು. ಅದೇ ಕೃತಿ," ಎಂದಿದ್ದ ಮೊದಲ ದಿನ. "ಕತ್ತಲು ಇನ್ನೂ ಮನಸ್ಸು ಮಾಡದೇ ಇರೋ ಹೊತ್ತಿನ ಬಣ್ಣ ಬೇಕು ನನಗೆ."

"ಅದು ಯಾವ ಡಬ್ಬಿಯಲ್ಲಿ ಬರುತ್ತೆ ಸಾರ್?"

"ಹುಡುಕಪ್ಪ. ಅದಕ್ಕೇ ನಿನ್ನನ್ನ ಕರೆಸಿರೋದು."

ಹುಡುಕಿದ. ಬೂದು. ಆದರೆ ಕಷ್ಟವಿದ್ದದ್ದು ಬೇರೆ ಕಡೆ. ತಗಡಿಗೆ ಹೊಡೆದದ್ದು ಶೆಡ್ಡಿನ ಕಾರಿನ ಬಣ್ಣ. ಕೋಣೆಯಲ್ಲಿ ವಾಸನೆ ಏಳಬಾರದು ಎಂದು ಗೋಡೆಗೆ ಬಳಿದದ್ದು ನೀರಿನ ಬಣ್ಣ. ಎರಡರ ಜಾತಿಯೇ ಬೇರೆ. ಇದರೊಳಗಿನ ಕಪ್ಪು ಅದರೊಳಗಿನ ಕಪ್ಪಲ್ಲ. ಇಂಥ ಎರಡು ಬಣ್ಣ ಒಂದು ದೀಪದ ಕೆಳಗೆ ಅವಳಿಗಳ ಹಾಗೆ ನಿಂತಿರುತ್ತವೆ. ದೀಪ ಬದಲಾಯಿಸಿ ನೋಡಿ, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡುವುದಿಲ್ಲ. ಅದಕ್ಕೇ ಹದ್ದು ಮೊದಲು ಕೇಳಿದ್ದು ಯಾವ ದೀಪ ಅಂತ. ಶಿಲ್ಪಿ ಸೂರಿನ ಹಳದಿ ದೀಪಗಳ ಸಾಲಿನ ಕಡೆ ಬೆರಳು ತೋರಿಸಿದ್ದ. ಆ ಹಳದಿ ದೀಪದ ಕೆಳಗೇ ಹನ್ನೊಂದು ದಿನ ಹನಿಹನಿಯಾಗಿ ಹೊಂದಿಸಿ, ಕೊನೆಗೆ ತಗಡಿನ ಅಂಚು ಎಲ್ಲಿದೆಯೆಂದು ಅವನ ಕಣ್ಣಿಗೇ ಸಿಗದೆ ಕೈಯಿಂದ ತಡವಬೇಕಾಯಿತು.

"ಸಾರ್, ಇನ್ನು ದೀಪ ಒಂದನ್ನ ಮಾತ್ರ ಮುಟ್ಟಬೇಡಿ. ಮುಟ್ಟಿದ್ರೆ ಕೆಟ್ಟೋಗುತ್ತೆ," ಎಂದ.

ಫೋನಿನಲ್ಲಿ ಮುಳುಗಿದ್ದ ಶಿಲ್ಪಿ ನೊಣ ಓಡಿಸಿದಂತೆ ತಲೆ ಆಡಿಸಿದ.

ಮಾರನೆಯ ಬೆಳಿಗ್ಗೆ ಹದ್ದು ಬಂದು ನೋಡಿದರೆ ಕೋಣೆಯ ತುಂಬ ಬಿಳಿ ದೀಪ. ತಗಡು ಏಟು ತಿಂದ ದವಡೆಯಂತೆ ನೇರಳೆಗೆ ತಿರುಗಿದೆ. ಗೋಡೆಗೆ ನೀರಿನ ತೊಟ್ಟಿಯ ಒಳಮೈಯ ಹಸಿರು. ಅಂಚು ಬಾಗಿಲಿನಿಂದಲೇ ಕಣ್ಣಿಗೆ ರಾಚುತ್ತಿದೆ.

"ದೀಪ ಯಾರು ಬದಲಾಯಿಸಿದ್ದು?"

"ನಾನೇ. ಹಳದಿ ದೀಪ ಬೇಕರಿ ಥರ ಕಾಣ್ತಿತ್ತು," ಎಂದ ಶಿಲ್ಪಿ. "ದೀಪದ ಮಾತು ಬಿಡು. ಸಂಜೆ ಐದಕ್ಕೆ ಜನ ಬರ್ತಾರೆ. ಇದೇನಿದು? ಎರಡು ಬಣ್ಣ ಬೇರೆ ಬೇರೆ ಅಂತ ಮಗುಗೂ ಗೊತ್ತಾಗುತ್ತೆ. ನೀನೇನು ಕುರುಡನಾ?"

"ಮುಟ್ಟಬೇಡಿ ಅಂತ ನಿನ್ನೆ ಹೇಳಿದ್ನಲ್ಲ ಸಾರ್!"

"ಬರೆದು ಕೊಟ್ಟಿದ್ದೀಯಾ?"

ಸುತ್ತ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಕುರುಡ ಎಂದದ್ದಕ್ಕಿಂತ ಇದು ಆಳಕ್ಕೆ ಇಳಿಯಿತು. ಡಬ್ಬಿಯ ಮೇಲೆ ಅಂಕಿ ಬರೆಯುವುದು, ಸಹಿ ಹಾಕುವುದು ಬಿಟ್ಟರೆ ಹದ್ದಿಗೆ ಬರೆಯುವ ರೂಢಿಯೇ ಇಲ್ಲ. ಬಾಯಿಂದ ಹೇಳಿದ ಮಾತಿಗೆ ಈ ಓದಿದವರಲ್ಲಿ ಬೆಲೆಯಿಲ್ಲ ಎನ್ನುವುದನ್ನು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೆ, ಅಣ್ಣನ ಮಗಳ ಕೈಯಲ್ಲಾದರೂ ಬರೆಸಿ ತಂದು ಆ ಗಡ್ಡಕ್ಕೆ ಅಂಟಿಸುತ್ತಿದ್ದ.

ಅವನು ಶೆಡ್ಡು ಮುಟ್ಟುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಬಣ್ಣ ಕಲಸುವ ಮೇಜಿನ ಮುಂದೆ ಮಾವನ ಹಿರಿಮಗ ಕೂತಿದ್ದ. ಹದ್ದಿಗೆ ಅವನು ಬಾವ. ಕೆಂಪಿಗೂ ಇಟ್ಟಿಗೆಗೂ ವ್ಯತ್ಯಾಸ ತಿಳಿಯದ ಪುಣ್ಯಾತ್ಮ.

"ಸಂಜೆ ಇಸ್ತ್ರಿ ಮಾಡಿರೋ ಶರ್ಟ್ ಹಾಕ್ಕೊಂಡು ನನ್ ಜೊತೆ ಬಾ," ಎಂದ ಮಾವ. "ಎಲ್ಲರ ಮುಂದೆ ಕೈ ಮುಗಿದು ತಪ್ಪಾಯ್ತು ಅನ್ನು."

"ನನ್ ಕಣ್ಣು ತಪ್ಪಿಲ್ಲ ಮಾವ. ನೀನೇ ಬಂದು ಹಳದಿ ದೀಪದಲ್ಲಿ ನೋಡು. ಒಂದ್ಸಲ ನೋಡಿಬಿಡು ಸಾಕು."

"ನಾನ್ಯಾಕೆ ನೋಡ್ಲಿ? ಓದಿರೋರು ಹೇಳಿದ್ದಾರೆ."

"ಮೂವತ್ತು ವರ್ಷದಿಂದ ಬಣ್ಣದಲ್ಲೇ ಇದ್ದೀಯ! ನಿನಗೊಂದು ಕಣ್ಣಿಲ್ವಾ?"

"ನಾಲಿಗೆ ಬಿಗಿ ಹಿಡಿ. ತಪ್ಪಾಯ್ತು ಅಂತೀಯೋ, ಇಲ್ಲ ಇದನ್ನ ಹಿಡೀತೀಯೋ?" ಮಾವ ಮರಳು ಕಾಗದದ ಸುರುಳಿಯೊಂದನ್ನು ಅವನ ಎದೆಗೆ ಎಸೆದ. "ಹಿಡಿದ್ರೆ ತಲೆ ನರೆಯೋವರೆಗೂ ಇದೇ. ಆ ಮೇಜಿನ ಹತ್ರ ಸುಳೀಬೇಡ."

ಬಾವ ಡಬ್ಬಿಯೊಳಗೆ ಕೋಲಾಡಿಸುತ್ತ, ಏನನ್ನೂ ಕೇಳದವನ ಹಾಗೆ ಸೀಟಿ ಹೊಡೆದ.

ಸಂಜೆ ಐದಕ್ಕೆ ಮಾವ, ಹದ್ದು ಇಬ್ಬರೂ ಹೋದರು. ಬಾಗಿಲಲ್ಲಿ, ಬಂದವರು ಹೆಸರು ಬರೆಯುವ ದೊಡ್ಡ ಪುಸ್ತಕವಿತ್ತು. ಮಾವ ಅದರ ಮುಂದೆ ಬಾಗಿ ಒಂದೊಂದೇ ಅಕ್ಷರವನ್ನು ಮನೆ ಕಟ್ಟುವವನ ಹಾಗೆ ಜೋಡಿಸತೊಡಗಿದ. ಹದ್ದು ಒಳಗೆ ನಡೆದ. ರೇಷ್ಮೆ, ಸೆಂಟು, ಹಣ್ಣಿನ ರಸದ ಲೋಟಗಳು. ನೇರಳೆ ತಗಡಿನ ಮುಂದೆ ನಿಂತ ಒಬ್ಬಾಕೆ ಉಸಿರೆಳೆದುಕೊಂಡು ಹೇಳುತ್ತಿದ್ದಳು: "ಎಷ್ಟು ಧೈರ್ಯ ನಿಮ್ಮದು! ಗೋಡೆಗೇ ಗಾಯ ಆದ ಹಾಗಿದೆ."

"ಹೌದು," ಎಂದ ಶಿಲ್ಪಿ, ಕಣ್ಣನ್ನು ಅರೆಮುಚ್ಚಿ. "ಅದು ಗಾಯವೇ. ಬಹಳ ದಿನದಿಂದ ಹುಡುಕ್ತಿದ್ದ ಗಾಯ."

ಹದ್ದಿನ ಕಿವಿ ಕಾದವು. ಬೆಳಿಗ್ಗೆ ಇದೇ ಬಣ್ಣ ಕುರುಡನ ಕೆಲಸ. ಸಂಜೆ ಗಡ್ಡದವನ ಧೈರ್ಯ. ಬೈಗುಳ ಮಾತ್ರ ತನ್ನ ಪಾಲಿನದ್ದು!

ಬಾಗಿಲ ಹಿಂದೆ ಸ್ಟೂಲಿನ ಮೇಲೆ ದೀಪಗಳನ್ನು ನೋಡಿಕೊಳ್ಳುವ ಹೆಂಗಸು ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. ಮುಂಜಾನೆಯಿಂದ ಹದಿನಾಲ್ಕು ಸಲ ಏಣಿ ಹತ್ತಿಸಿದ್ದರು ಅವಳನ್ನು.

"ಅಕ್ಕಾ, ಆ ಹಳದಿ ದೀಪ ಎಲ್ಲಿ?"

ಅವಳು ಅವನನ್ನೂ ಶಿಲ್ಪಿಯನ್ನೂ ಒಮ್ಮೆ ಅಳೆದು ನೋಡಿದಳು. "ಎಲ್ಲಿಗೂ ಹೋಗಿಲ್ಲ. ಹಳೇ ಸಾಲಲ್ಲೇ ಇದೆ. ಈ ಗೋಡೇಲಿ ಮೇಲಿನ ಸ್ವಿಚ್ಚು ಹಳದಿ, ಕೆಳಗಿಂದು ಬಿಳಿ. ನಾನು ನೀರು ಕುಡಿಯೋಕೆ ಹೋಗ್ತಿದೀನಪ್ಪ, ನನಗೇನೂ ಗೊತ್ತಿಲ್ಲ."

ಹದ್ದು ಕೆಳಗಿನದನ್ನು ಆರಿಸಿ ಮೇಲಿನದನ್ನು ಒತ್ತಿದ.

ತಗಡು ಹೋಯಿತು. ಎರಡಾಳೆತ್ತರದ ಉಕ್ಕು, ಆರು ಜನ ಸೇರಿ ಎತ್ತಿ ಕಟ್ಟಿದ್ದು, ಇದ್ದಲ್ಲೇ ಇಲ್ಲವಾಯಿತು. ಗಾಯ ಕಂಡವಳ ಲೋಟ ಬಾಯಿಗೂ ಎದೆಗೂ ನಡುವೆ ನಿಂತಿತು. ಅಷ್ಟೂ ಜನ ಖಾಲಿ ಗೋಡೆಯೊಂದನ್ನು ಬಾಯಿ ತೆರೆದು ನೋಡುತ್ತಿದ್ದರು.

ಆಗ ಮಾವ ಒಳಗೆ ಬಂದ. ಹೆಸರು ಬರೆಯುವುದು ಮುಗಿದಿತ್ತು; ಏನು ನಡೆಯಿತೆಂದು ಅವನಿಗೆ ಗೊತ್ತಿಲ್ಲ. ಅವನಿಗೆ ಕಂಡದ್ದು ಆಚೆ ತುದಿಯಲ್ಲಿ, ಗೋಡೆಯ ಪಕ್ಕ ನಿಂತ ಗಡ್ಡವೊಂದೇ. ಎರಡೂ ಕೈ ಎದೆಗೆ ಜೋಡಿಸಿ, ನಡು ಬಗ್ಗಿಸಿ, ನಗು ಹಚ್ಚಿಕೊಂಡು ಖಾಲಿ ಗೋಡೆಯ ಬದಿಗೇ ನೆಟ್ಟಗೆ ಹೊರಟ.

"ಸಾರ್, ನಮ್ಮವನಿಂದ ದೊಡ್ಡ ತಪ್ಪಾ—"

ಠಣ್ ಎಂದಿತು. ಖಾಲಿ ಡ್ರಮ್ಮಿಗೆ ಸುತ್ತಿಗೆ ಬಿದ್ದಂಥ ಸದ್ದು. ಕೈ ಮುಗಿದಿದ್ದರಿಂದ ಹಣೆಗೆ ಅಡ್ಡ ಹಿಡಿಯಲು ಕೈಯಿರಲಿಲ್ಲ.

ಮಾವ ನೆಲಕ್ಕೆ ಕೂತ. ಕೂತಲ್ಲಿಂದಲೇ ಕೈ ಚಾಚಿ ತಣ್ಣನೆಯ ಉಕ್ಕನ್ನು ಮುಟ್ಟಿದ. ಅಂಗೈಯಲ್ಲಿ ತಡವುತ್ತ ಅಂಚಿನವರೆಗೆ ಹೋದ. ಅಂಚು ಕೈಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ. ಮತ್ತೆ ತಡವಿದ. ಆಮೇಲೆ ತಲೆಯೆತ್ತಿ ಬಾಗಿಲ ಬಳಿ ನಿಂತ ಸೋದರಳಿಯನನ್ನು ಹುಡುಕಿ ನೋಡಿದ. ಹದ್ದಿಗೆ ಬೇಕಾಗಿದ್ದದ್ದೆಲ್ಲ ಆ ನೋಟದಲ್ಲಿತ್ತು. ಎರಡು ಉಸಿರಿನಷ್ಟು ಹೊತ್ತು ಇತ್ತು.

"ನೋಡಿದ್ರಾ!" ಶಿಲ್ಪಿಗೆ ಜೀವ ಬಂತು. "ಮೊದಲು ಗಾಯ, ಆಮೇಲೆ ಮಾಯ! ಇದು ಕೃತಿಯ ಎರಡನೇ ಭಾಗ. ಮೈಯಿಂದಲೇ ನೋಡಬೇಕಾದ ಭಾಗ!"

ಚಪ್ಪಾಳೆ ಬಿತ್ತು. ಮೊದಲು ಒಂದು, ಆಮೇಲೆ ಎಲ್ಲರದು. ನೆಲದ ಮೇಲೆ ಕೂತಿದ್ದ ಮಾವ, ಹಣೆ ನಿಂಬೆಗಾತ್ರ ಊದುತ್ತಿದ್ದರೂ, ಆಚೀಚೆ ನೋಡಿ ತಾನೂ ಚಪ್ಪಾಳೆ ತಟ್ಟಿದ.

ಗಡ್ಡದವನ ಮೇಲೆ ಹದ್ದಿಗೆ ಆಗ ಸಿಟ್ಟೇ ಬರಲಿಲ್ಲ. ಅವನು ಬಿದ್ದದ್ದನ್ನೆಲ್ಲ ಬಾಚಿಕೊಳ್ಳುವ ಜಾತಿ. ಆದರೆ ಮಾವನ ಆ ಕೈಗಳು! ಈಗಷ್ಟೇ ಸತ್ಯವನ್ನು ತಡವಿ ಬಂದ ಕೈಗಳು.

"ನಿಲ್ಸು ಮಾವ," ಎಂದು ಕೂಗಿದ.

"ಸುಮ್ನಿರೋ," ಮಾವ ಹಲ್ಲು ಕಚ್ಚಿ ಪಿಸುಗುಟ್ಟಿದ. "ಇವರಿಂದ ಇನ್ನೂ ಕೆಲಸ ಸಿಗುತ್ತೆ."

ಹದ್ದು ಅವನನ್ನು ಎಬ್ಬಿಸಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಅವನು ಶೆಡ್ಡಿಗೆ ಹೋಗಿ, ಉಜ್ಜುವ ಮೂಲೆಯ ಕಡೆ ತಿರುಗಿಯೂ ನೋಡದೆ, ಕಲಸುವ ಮೇಜಿನ ಮುಂದೆ ನಿಂತ.

"ಎದ್ದೇಳು ಬಾವ."

"ಅಪ್ಪ ಹೇಳಿದ್ರಾ?"

"ಅವನ ಹಣೆ ಕೇಳು, ಹೇಳುತ್ತೆ."

ಹಿಂದೆಯೇ ಮಾವ ಬಂದ. ಊತ ಹುಬ್ಬಿನ ಮೇಲೆ ಇಳಿದು ಒಂದು ಕಣ್ಣು ಅರ್ಧ ಮುಚ್ಚಿತ್ತು. "ಅವರು ಫೋನ್ ಮಾಡಿದ್ರು ಕಣೋ. ಅಂಥದ್ದೇ ಇನ್ನೆರಡು ತಗಡು ಬೇಕಂತೆ. ನೀನೇ ಮಾಡಬೇಕಂತೆ."

"ನನ್ ಕಣ್ಣು ಸರಿ ಇದೆಯಾ, ಇಲ್ವಾ?"

"ಅದೆಲ್ಲ ಈಗ ಯಾಕೆ..."

"ಇದೆಯಾ, ಇಲ್ವಾ?"

ಉಜ್ಜುತ್ತಿದ್ದವರ ಕೈಗಳು ನಿಂತವು.

"ಇದೆ," ಎಂದ ಮಾವ ನೆಲ ನೋಡುತ್ತ.

"ಕೇಳಿಸ್ಲಿಲ್ಲ."

"ಇದೆ ಅಂದ್ನಲ್ಲೋ! ಸರಿಯಾಗಿದೆ! ನಿನ್ ಕಣ್ಣು ಸರಿಯಾಗಿದೆ!"

"ಹಾಗಾದ್ರೆ ಆ ಗಡ್ಡಕ್ಕೆ ಹೇಳು, ಅವನ ತಗಡಿಗೆ ನಾನು ಕೈ ಹಚ್ಚಲ್ಲ. ಬೇಕಿದ್ರೆ ಬರೆದು ಕೊಡು." ಹದ್ದು ಗೋಡೆಗೆ ಒರಗಿಸಿದ್ದ ಕೆಂಪು ಕಾರಿನ ಬಾಗಿಲೊಂದನ್ನು ತೋರಿಸಿದ. "ಇವತ್ತಿನ ಕೆಲಸ ಇದೇ ತಾನೆ? ಹೊರಗೆ ಬಿಸಿಲಿಗೆ ತರ್ಲಿ. ದೀಪದಲ್ಲಿ ನೋಡಿ ಸಾಕಾಗಿದೆ."

ಇಬ್ಬರು ಎದ್ದು ಬಾಗಿಲಿಗೆ ಕೈ ಹಾಕಿದರು.

"ನೀವಲ್ಲ," ಎಂದ ಹದ್ದು.

ಮಾವ ಶರ್ಟಿನ ತೋಳು ಮಡಚಿಕೊಂಡು, ಬಗ್ಗಿ, ಮುಲುಕುತ್ತ ಬಾಗಿಲನ್ನು ಎತ್ತಿದ. ಹದ್ದು ಕೈ ಕೊಡಲಿಲ್ಲ.